ಹಸಿವು ನೋವನ್ನೂ ತಡೆದು ನಿಲ್ಲಿಸುತ್ತದೆ, ಗೆಳೆಯಾ

ಪ್ರಿಯ ಗೆಳೆಯಾ,

ಹಸಿದ ಪ್ರಾಣಿ ಬೇರೆಯದೇ ಪ್ರಾಣಿಯಾಗಿಬಿಡುತ್ತದೆ ಅಂತ ಬರೆದಿದ್ದೆಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದಿದೆ. ಈಚೆಗೆ ನಾನು ಓದುತ್ತಿರುವುದೂ ಅದನ್ನೇ.

ಮಿದುಳಿನ ತಳದಲ್ಲಿ, ಹೈಪೊಥಲಾಮಸ್‌ ಒಳಗೆ, ಎಜಿಆರ್‌ಪಿ ಎಂಬ ನರಕೋಶಗಳ ಪುಟ್ಟ ಗುಂಪೊಂದಿದೆ. ಖಾಲಿ ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಾರ್ಮೋನು ಅವನ್ನು ಕೆರಳಿಸುತ್ತದೆ, ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ತಣಿಸುತ್ತದೆ. 2005ರಲ್ಲಿ ವಿಜ್ಞಾನಿಗಳು, ಪೂರ್ತಿ ಬೆಳೆದ ಇಲಿಗಳಲ್ಲಿ ಈ ಕೋಶಗಳನ್ನಷ್ಟೇ ನಾಶಮಾಡಿದರು. ತಿಂಡಿ ಎದುರಿಗಿದ್ದರೂ ಅವು ಉಪವಾಸ ಬಿದ್ದವು. 2011ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಸ್ಕಾಟ್ ಸ್ಟರ್ನ್‌ಸನ್ ತಂಡ ಇದನ್ನೇ ತಿರುವುಮುರುವು ಮಾಡಿತು. ಬೆಳಕು ಬಿದ್ದರೆ ಎಚ್ಚರಗೊಳ್ಳುವಂತೆ ಈ ಕೋಶಗಳನ್ನು ಮಾರ್ಪಡಿಸಿ, ಬೆಳಕು ಬಿಟ್ಟರು. ಹೊಟ್ಟೆ ತುಂಬಿದ್ದ ಇಲಿಗಳು ಕೆಲವೇ ನಿಮಿಷಗಳಲ್ಲಿ ಗಬಗಬನೆ ತಿನ್ನತೊಡಗಿದವು!

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು 2015ರ ಸಂಗತಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಕಾರಿ ನೈಟ್ ತಂಡ ಎಚ್ಚರವಿರುವ ಇಲಿಗಳಲ್ಲಿ ಈ ಕೋಶಗಳ ಚಟುವಟಿಕೆಯನ್ನು ಕ್ಷಣಕ್ಷಣಕ್ಕೂ ಗಮನಿಸುತ್ತಿತ್ತು. ತಿಂಡಿ ಪಂಜರಕ್ಕೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ, ಇಲಿ ಇನ್ನೂ ಬಾಯಿ ಹಾಕುವ ಮೊದಲೇ, ಕೋಶಗಳು ತಣ್ಣಗಾದವು. ಹಾಗಾದರೆ ಆಮೇಲೆ ತಿನ್ನಿಸುವುದು ಯಾವುದು? ಅದೇ ತಂಡ ಇನ್ನೊಂದು ಪ್ರಯೋಗ ಮಾಡಿತು. ತಿಂಡಿಯಿಲ್ಲದಾಗ ಕೋಶಗಳನ್ನು ಕೆರಳಿಸಿ, ಅದನ್ನು ನಿಲ್ಲಿಸಿದ ನಂತರ ತಿಂಡಿ ಕೊಟ್ಟಿತು. ಇಲಿಗಳು ಆಗಲೂ ಚೆನ್ನಾಗಿ ತಿಂದವು. ಕೋಶ ಸುಮ್ಮನಾದರೂ ಅದು ಹಚ್ಚಿದ ಬಯಕೆ ಸ್ವಲ್ಪ ಹೊತ್ತು ಉಳಿದೇ ಇರುತ್ತದೆ.

ಹಸಿವಿನ ಮುಂದೆ ಭಯವೂ ಹಿಂದೆ ಸರಿಯುತ್ತದೆ. ಬಯಲಿಗೆ ಬರಲು ಅಂಜುವ ಇಲಿ ಕಾಳಿಗಾಗಿ ನಟ್ಟನಡುವೆ ಬಂದು ನಿಲ್ಲುತ್ತದೆ. ನೋವಿನ ಕಥೆ ಇನ್ನೂ ಸೂಕ್ಷ್ಮ. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಂಬರ್ ಅಲ್ಹಡೆಫ್ ಮತ್ತು ನಿಕೊಲಸ್ ಬೆಟ್ಲಿ, ಒಂದು ದಿನ ಉಪವಾಸವಿದ್ದ ಇಲಿಗಳ ಪಾದಕ್ಕೆ ನೋವು ತರಿಸುವ ಫಾರ್ಮಲಿನ್ ದ್ರಾವಣ ಚುಚ್ಚಿ ನೋಡಿದರು. ಚುಚ್ಚಿದ ತಕ್ಷಣದ ನೋವಿಗೆ ಅವು ಎಂದಿನಂತೆಯೇ ಪಾದ ನೆಕ್ಕಿಕೊಂಡವು. ಆಮೇಲೆ ಬರುವ, ಉರಿಯೂತದ, ಬಹಳ ಹೊತ್ತು ಕಾಡುವ ನೋವಿಗೆ ಮಾತ್ರ ಅಷ್ಟಾಗಿ ಸ್ಪಂದಿಸಲಿಲ್ಲ. ಬೆಂಕಿ ತಾಗಿದರೆ ಕಾಲು ಎಳೆದುಕೊಳ್ಳಲೇಬೇಕು, ಅದಕ್ಕೆ ಹಸಿವು ಅಡ್ಡ ಬರುವುದಿಲ್ಲ. ಹಳೇ ಗಾಯವಾದರೆ ಊಟ ಸಿಗುವ ತನಕ ಕಾಯಬಹುದು. ಎಂಥ ನಾಜೂಕಾದ ಲೆಕ್ಕ ನೋಡು.

ನಿಮ್ಮ ಬೀದಿಯ ಕುಂಟುವ ನಾಯಿ ಅನ್ನ ಕಂಡೊಡನೆ ಕಾಲು ಮರೆತು ಓಡಿಬರುತ್ತದೆ ಅಂದೆಯಲ್ಲ, ಅದರ ಬಗ್ಗೆ ನನಗೆ ಕಾಳಜಿಯಿದೆ. ಇವೆಲ್ಲ ಇಲಿಗಳಲ್ಲಿ ಕಂಡದ್ದು, ನಾಯಿಯಲ್ಲೂ ಹೀಗೇ ಅಂತ ಹೇಳಲಾರೆ. ಆದರೂ ಓಡಿಬಂದು ತಿಂದಿತು, ಗಾಯ ವಾಸಿಯಾಗಿರಬೇಕು ಅಂತ ಬಿಟ್ಟುಬಿಡಬೇಡ. ಹೊಟ್ಟೆ ತುಂಬಿ ಅರ್ಧ ಗಂಟೆಯಾದ ಮೇಲೆ ಅದು ಹೇಗೆ ನಡೆಯುತ್ತದೆ ಗಮನಿಸು, ಈ ವಾರವೇ ಪಶುವೈದ್ಯರಿಗೆ ತೋರಿಸು. ಅವರು ಏನೆಂದರು ಅಂತ ಬರೆ.

ನಿನ್ನ ಗೆಳೆಯ