ನಮ್ಮ ಮಕ್ಕಳಿಗೆ ಮಾತು ಬರುತ್ತದೆ, ಕ್ಲಾಸಿನಲ್ಲಿ ಆಡಲು ಬಿಡಿ

ಮಾನ್ಯರೇ,

ಡಿಗ್ರಿ ಕೊನೇ ವರ್ಷದ ಮಕ್ಕಳಿಗೆ ಕ್ಯಾಂಪಸ್ ಇಂಟರ್‌ವ್ಯೂ ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಪ್ರತಿ ವರ್ಷ ಒಂದೇ ಮಾತು ಕೇಳಿಬರುತ್ತದೆ, ‘ಈ ಕಡೆ ಮಕ್ಕಳಿಗೆ ಕಮ್ಯುನಿಕೇಶನ್ ಸ್ಕಿಲ್ಸ್ ಇಲ್ಲ’ ಅಂತ. ಕಂಪನಿಯವರು ಹೇಳುತ್ತಾರೆ. ನಮ್ಮ ಉಪನ್ಯಾಸಕರೂ ಹೇಳುತ್ತಾರೆ. ಕೊನೆಗೆ ಮಕ್ಕಳೂ ಅದನ್ನೇ ನಂಬಿಬಿಡುತ್ತಾರೆ. ಆಮೇಲೆ ಮನೆಯವರು ಕಷ್ಟಪಟ್ಟು ಫೀಸು ಹೊಂದಿಸಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸುತ್ತಾರೆ. ಬಹಳಷ್ಟು ಕಡೆ ಅಲ್ಲೂ ಅದೇ ಟೆನ್ಸ್, ಅದೇ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಹೈಸ್ಕೂಲಿನಲ್ಲಿ ಓದಿದ್ದನ್ನೇ ದುಡ್ಡು ಕೊಟ್ಟು ಇನ್ನೊಂದು ಸಲ ಓದುವುದು.

ವ್ಯಾಕರಣ ಬಂದ ಮಾತ್ರಕ್ಕೆ ಮಾತು ಬಂದಂತಲ್ಲ ಅನ್ನುವುದು ಹೊಸ ವಿಚಾರವೇನಲ್ಲ. 1965ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಭಾಷಾ ಸಾಮರ್ಥ್ಯದ ಬಗ್ಗೆ ಬರೆದಾಗ ಅವರ ಗಮನ ಇದ್ದದ್ದು ತಲೆಯೊಳಗಿನ ವ್ಯಾಕರಣದ ತಿಳಿವಳಿಕೆಯ ಮೇಲೆ. ಅಷ್ಟೇ ಸಾಲದು ಅಂದವರು ಅಮೆರಿಕದ ಇನ್ನೊಬ್ಬ ವಿದ್ವಾಂಸ ಡೆಲ್ ಹೈಮ್ಸ್. ಯಾರ ಹತ್ತಿರ, ಎಲ್ಲಿ, ಯಾವ ರೀತಿ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಅನ್ನುವ ತಿಳಿವಳಿಕೆಯನ್ನೂ ಸೇರಿಸಿ ಅವರು ಸಂವಹನ ಸಾಮರ್ಥ್ಯ ಅಂದರು. 1980ರಲ್ಲಿ ಕೆನಡಾದ ಮೈಕೆಲ್ ಕನಾಲ್ ಮತ್ತು ಮೆರಿಲ್ ಸ್ವೇನ್ ಇದಕ್ಕೆ ಇನ್ನೊಂದನ್ನು ಜೋಡಿಸಿದರು. ಪದ ಸಿಗದೆ ನಿಂತಾಗ, ಎದುರಿನವರಿಗೆ ಅರ್ಥವಾಗದೆ ಹೋದಾಗ, ಬೇರೆ ದಾರಿ ಹುಡುಕಿ ಮಾತು ಮುಂದುವರಿಸುವ ಉಪಾಯ.

ಈ ಉಪಾಯ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿ ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೆಲಸಗಾರರ ಸಾಲುಮನೆಯಿಂದ ಬರುತ್ತಾನೆ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಅಕ್ಕಪಕ್ಕದವರ ತುಳುವೂ ಅರ್ಥವಾಗುತ್ತದೆ. ಹಣ್ಣು ಕೊಯ್ಲಿನ ಸಮಯದಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರಿಗೆ ಯಾವ ಹಣ್ಣು ಕೀಳಬೇಕು, ಯಾವುದನ್ನು ಗಿಡದಲ್ಲೇ ಬಿಡಬೇಕು, ಸಂಜೆ ತೂಕ ಎಲ್ಲಿ ಅಂತ ಅರ್ಧ ಹಿಂದಿ, ಅರ್ಧ ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ ತಿಳಿಸುತ್ತಾನೆ. ಅವರು ತಲೆಯಾಡಿಸಿದರೂ ಬಿಡುವುದಿಲ್ಲ, ಒಂದು ಗಿಡದ ಹಣ್ಣು ಕೀಳಿಸಿ ನೋಡಿಯೇ ಮುಂದೆ ಹೋಗುತ್ತಾನೆ. ಇದೇ ಹುಡುಗ ಇಂಟರ್‌ವ್ಯೂನಲ್ಲಿ ಬಾಯಿ ಬಿಡುವುದಿಲ್ಲ. ಯಾಕೆ?

ಯಾಕೆಂದರೆ ಕ್ಲಾಸಿನಲ್ಲಿ ಅವನಿಗೆ ಮಾತಾಡಿ ಅಭ್ಯಾಸವೇ ಇಲ್ಲ. ‘ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ’ ಅನ್ನುವುದು ಮಾತುಕತೆಯಲ್ಲಿ ಬಹಳ ದೊಡ್ಡ ಕೌಶಲ, ನಮ್ಮ ಎಷ್ಟೋ ತರಗತಿಗಳಲ್ಲಿ ಅದನ್ನು ಎದುರುತ್ತರ ಅಂದುಕೊಳ್ಳುತ್ತಾರೆ. ತಪ್ಪು ಇಂಗ್ಲಿಷ್ ಆಡಿದರೆ ಉಳಿದವರು ನಗುತ್ತಾರೆ, ನಾವು ವಾಕ್ಯದ ಮಧ್ಯೆಯೇ ತಿದ್ದುತ್ತೇವೆ, ಅವನು ಹೇಳಬೇಕೆಂದಿದ್ದ ವಿಷಯ ಅಲ್ಲಿಗೇ ನಿಂತುಹೋಗುತ್ತದೆ. ಹೀಗಾಗಿ ಮಕ್ಕಳು ಉತ್ತರ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಗಡಗಡ ಒಪ್ಪಿಸುತ್ತಾರೆ, ‘ನಿಮ್ಮೂರಲ್ಲಿ ಈ ಸಲ ಮಳೆ ಹೇಗೆ?’ ಅಂದರೆ ಗಾಬರಿ.

ಇನ್ನೊಂದು ತೊಂದರೆ ಮರ್ಯಾದೆಯದು. ‘ರಜೆ ಕೊಡಿ ಸಾರ್’ ಅಂದರೆ ಕನ್ನಡದಲ್ಲಿ ವಿನಯ ಆ ‘ಕೊಡಿ’ಯಲ್ಲೇ ಇದೆ. ಅದನ್ನೇ ನೇರವಾಗಿ ‘ಗಿವ್ ಮಿ ಲೀವ್ ಸರ್’ ಅಂದರೆ ವ್ಯಾಕರಣ ಸರಿ, ಕೇಳುವವರಿಗೆ ಮಾತ್ರ ಆಜ್ಞೆ ಮಾಡಿದ ಹಾಗೆ ಇರುತ್ತದೆ. ವಿನಯದ ಹುಡುಗನಿಗೆ ಒರಟ ಅನ್ನುವ ಹೆಸರು ಬರುತ್ತದೆ. ಇದು ಎಷ್ಟು ಅನ್ಯಾಯ ಅಲ್ವಾ? ಇದನ್ನು ಯಾರಾದರೂ ಕೂತು ಹೇಳಿಕೊಡಬೇಕು, ವ್ಯಾಕರಣದ ಪುಸ್ತಕದಿಂದ ತಾನಾಗಿ ಬರುವುದಿಲ್ಲ.

ದಾರಿ ಹುಡುಕಲು ತುಂಬಾ ದೂರ ಹೋಗಬೇಕಿಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಪಾಠದ ಬದಲು ಕೆಲಸ ಕೊಟ್ಟು ಇಂಗ್ಲಿಷ್ ಕಲಿಸುವ ಪ್ರಯೋಗ ಮಾಡಿದರು. ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಅದು ಬೇರೆ ದೇಶಗಳಲ್ಲೂ ಹೆಸರಾಗಿದೆ. ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥವು. ಅರ್ಥದ ಕಡೆ ಗಮನ ಇದ್ದಾಗಲೇ ವ್ಯಾಕರಣವೂ ಮನಸ್ಸಿನಲ್ಲಿ ಕೂರುತ್ತದೆ ಅನ್ನುವುದು ಅವರ ನಂಬಿಕೆ. ನಮ್ಮಲ್ಲಿ ಇಬ್ಬಿಬ್ಬರನ್ನು ಜೊತೆ ಮಾಡಿ ಒಬ್ಬರ ಕೈಗೆ ಚಿಕ್ಕಮಗಳೂರು–ಕೊಪ್ಪ ಬಸ್ಸಿನ ಟೈಮು, ಇನ್ನೊಬ್ಬರ ಕೈಗೆ ಕೊಪ್ಪ–ಶೃಂಗೇರಿಯದು ಕೊಡಿ. ಪರಸ್ಪರ ಕೇಳಿ ತಿಳಿದುಕೊಂಡರೆ ಮಾತ್ರ ಸಂಜೆಯೊಳಗೆ ಶೃಂಗೇರಿ ತಲುಪುವ ದಾರಿ ಸಿಗಬೇಕು. ಮೊದಲು ಕನ್ನಡದಲ್ಲಿ ಮಾಡಿಸಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ತಪ್ಪುಗಳನ್ನು ಕೊನೆಯಲ್ಲಿ ತಿದ್ದಿದರಾಯಿತು.

ಅರವತ್ತು ಎಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಇದೆಲ್ಲ ಆಗುತ್ತಾ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಜೋಡಿ ಮಾಡಿದರೆ ಒಂದೇ ಹೊತ್ತಿಗೆ ಅರ್ಧ ಕ್ಲಾಸು ಮಾತಾಡುತ್ತಿರುತ್ತದೆ, ಉಪನ್ಯಾಸದಲ್ಲಿ ಮಾತಾಡುವುದು ಒಬ್ಬರೇ. ಗಲಾಟೆ ಆಗುತ್ತದೆ, ನಿಜ. ಜಿಲ್ಲೆಯ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೆ ಒಂದು ಗಂಟೆ ಆ ಗಲಾಟೆಗೆ ಒಪ್ಪಿಗೆ ಕೊಡಿ, ಇಂಟರ್ನಲ್ ಮಾರ್ಕ್ಸ್‌ನಲ್ಲಿ ಒಂದಿಷ್ಟನ್ನು ಚೆನ್ನಾಗಿ ಕೇಳಿಸಿಕೊಂಡವರಿಗೆ, ತಿಳಿಯದ್ದನ್ನು ಮತ್ತೆ ಕೇಳಿದವರಿಗೆ ಇಡಿ. ಟೈಮ್ ಟೇಬಲ್ ಹಾಕುವಾಗಲೇ ಮನಸ್ಸು ಮಾಡಿದರೆ ಬರುವ ಸೆಮಿಸ್ಟರಿನಿಂದಲೇ ಶುರು ಮಾಡಬಹುದು.

– ಒಬ್ಬ ಇಂಗ್ಲಿಷ್ ಉಪನ್ಯಾಸಕಿ, ಚಿಕ್ಕಮಗಳೂರು