ಮೊದಲ ತಿರುವು

ಪುಟ್ಟೀ,

ಇಂಗ್ಲೆಂಡಿನ ಕ್ಲಬ್ಬಿಂದ ಕರೆ ಬಂದ ದಿನ ಅಪ್ಪ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದರು. ನಾನು ಮಾತ್ರ ಮುಖ ಊದಿಸಿಕೊಂಡು ಕೂತಿದ್ದೆ. "ನಿನಗೆ ಖುಷಿನೇ ಇಲ್ವಾ ಅಮ್ಮಾ?" ಅಂದೆಯಲ್ಲ, ಖುಷಿ ಇದೆ ಕಣೇ. ಎದುರಿಗೆ ನಿಂತು ಹೇಳಲು ಹೋದರೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಲೆಯಲ್ಲಿ ಇರೋದು ಮೊದಲ ತಿರುವು ಒಂದೇ. ನಿನ್ನ ಸ್ಪೀಡ್‌ವೇ ಬೈಕ್ ರೇಸ್ ಅಂದರೆ ನಾಲ್ಕೇ ಸುತ್ತು, ಹೆಚ್ಚುಕಮ್ಮಿ ಒಂದು ನಿಮಿಷದ ಆಟ. ಆದರೆ ಶುರುವಿನಲ್ಲಿ ಅಡ್ಡ ಕಟ್ಟಿರೋ ಟೇಪು ಮೇಲೆ ಹಾರಿದ ಕೂಡಲೇ ನಾಲ್ಕು ಜನ ಒಟ್ಟಿಗೆ ಆ ತಿರುವಿಗೆ ನುಗ್ಗುತ್ತಾರೆ. 500 ಸಿಸಿ ಎಂಜಿನ್, ಒಂದೇ ಗೇರ್, ಬ್ರೇಕೇ ಇಲ್ಲ. ಮುಂದಿನವರು ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ, ಇಲ್ಲದಿರೋದೇ ಒಳ್ಳೇದು ಅಂತ ನೀನು ಎಷ್ಟೋ ಸಲ ಬಿಡಿಸಿ ಹೇಳಿದ್ದೀಯ. ತಲೆಗೆ ಅರ್ಥ ಆಯಿತು, ಹೊಟ್ಟೆಯೊಳಗಿನ ಸಂಕಟಕ್ಕೆ ಅರ್ಥ ಆಗಿಲ್ಲ.

ಎರಿಕ್ ಗುಂಡರ್ಸನ್ ಹೆಸರು ಎತ್ತಿದರೆ ನೀನು ಎದ್ದು ಹೋಗುತ್ತೀಯ. ಇಲ್ಲಿ ಓದಲೇಬೇಕು. ಡೆನ್ಮಾರ್ಕಿನವನು, 1984, 1985, 1988ರಲ್ಲಿ ವಿಶ್ವ ಚಾಂಪಿಯನ್. 1989ರಲ್ಲಿ ಬ್ರಾಡ್‌ಫರ್ಡಿನಲ್ಲಿ ತಂಡಗಳ ವಿಶ್ವ ಕಪ್ ಫೈನಲ್. ಮೊದಲ ಹೀಟ್, ಅಂದರೆ ಆ ದಿನದ ಮೊದಲ ರೇಸು, ಮೊದಲ ತಿರುವು. ನಾಲ್ಕೂ ಜನ ಬಿದ್ದರು. ಅವನ ಜೀವ ಉಳಿದಿದ್ದೇ ಹೆಚ್ಚು, ಅವನ ರೇಸಿನ ಬದುಕು ಅಲ್ಲಿಗೇ ಮುಗಿಯಿತು. ಅವನೇನು ಹೊಸಬನಾ? ನೀನು "ಹುಷಾರಾಗಿರ್ತೀನಿ" ಅಂದಾಗೆಲ್ಲ ನನಗೆ ನೆನಪಾಗೋದು ಅದೇ. ಅವನ ಮನೆಯವರಿಗೆ ಯಾರು ಹೇಳಿದರೋ, ಎಷ್ಟು ಹೊತ್ತಿಗೆ ಹೇಳಿದರೋ, ಅಲ್ಲಿವರೆಗೆ ಅವರು ಏನು ಮಾಡುತ್ತಿದ್ದರೋ.

ನೋಡು, ಮತ್ತೆ ಅಲ್ಲಿಗೇ ಹೋದೆ. ಬೈಬೇಡ.

ಮೊನ್ನೆ ಪ್ರಾಕ್ಟೀಸಿನಲ್ಲಿ ನೀನು ತಿರುಗಿಸಿದ್ದು ನೋಡಿದೆ. ಹಿಂದಿನ ಚಕ್ರ ಹೊರಕ್ಕೆ ಜಾರುತ್ತಿದೆ, ಮುಂದಿನ ಚಕ್ರ ಬಲಕ್ಕೆ ತಿರುಗಿದೆ, ಗಾಡಿ ಮಾತ್ರ ಎಡಕ್ಕೆ ಹೋಗುತ್ತಿದೆ! ಪಕ್ಕದಲ್ಲಿ ನಿಂತಿದ್ದವರು ಯಾರ ಮಗಳು ಅಂತ ಕೇಳಿದರು. ಕೇಳದವರಿಗೂ ಹೇಳಿದೆ.

ಇನ್ನು ಪಾಠ. ಸುಮ್ನೆ ಓದು. ಬಲಗೈಗೆ ಕಟ್ಟೋ ಕಟ್-ಔಟ್ ದಾರವನ್ನು ಪ್ರತಿ ಸಲ ಎಳೆದು ನೋಡು, ಬಿದ್ದರೆ ಎಂಜಿನ್ ನಿಲ್ಲಿಸೋದು ಅದೇ. ಮೆಥನಾಲ್ ತುಂಬೋವಾಗ ಜಾಗ್ರತೆ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ. ತಿರುವಿನಲ್ಲಿ ನೆಲಕ್ಕೆ ಊರೋ ನಿನ್ನ ಎಡಗಾಲಿನ ಉಕ್ಕಿನ ಶೂ ತಿರುಗಿಸಿ ನೋಡಿದೆ. ಹೆಬ್ಬೆರಳಿನ ಕಡೆ ಸವೆದು ಸವೆದು, ಅಂಚು ಬ್ಲೇಡಿನ ಹಾಗಾಗಿದೆ. ಹೋದ ಕೂಡಲೇ ಬೇರೆ ಮಾಡಿಸು. ಅಲ್ಲಿ ಪಾಯಿಂಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಗೆದ್ದರೆ ಮೂರು, ಕೊನೆಗೆ ಬಂದರೆ ಸೊನ್ನೆ. ಆ ಆಸೆಗೆ ಬಿದ್ದು ತಲೆಗೆ ಪೆಟ್ಟಾದರೂ ಡಾಕ್ಟರ ಹತ್ತಿರ "ಏನೂ ಆಗಿಲ್ಲ" ಅನ್ನಬೇಡ. ದುಡ್ಡಿನ ವಿಷಯ ನಮಗೆ ಬಿಡು.

ಅಲ್ಲಿ ಸರಿಹೋಗದಿದ್ದರೆ ವಾಪಸ್ ಬಾ. ನಿನ್ನ ರೂಮಿನ ಗೋಡೆ ಮೇಲಿರೋ ಐವನ್ ಮೇಜರ್ ಕೂಡ 17ನೇ ವಯಸ್ಸಿಗೆ ನ್ಯೂಜಿಲೆಂಡಿಂದ ಇಂಗ್ಲೆಂಡಿಗೆ ಹೋಗಿ, ಗಟ್ಟಿಯಾಗಿ ನಿಲ್ಲಲಾಗದೆ ಊರಿಗೆ ಮರಳಿದವನೇ. 1963ರಲ್ಲಿ ಮತ್ತೆ ಹೋದ. ಮೊದಲ ವಿಶ್ವ ಪಟ್ಟ ಸಿಕ್ಕಿದ್ದು 1968ರಲ್ಲಿ, ಆರನೆಯದು 1979ರಲ್ಲಿ, 39ನೇ ವಯಸ್ಸಿನಲ್ಲಿ. ನಿನಗೇನು ಅವಸರ?

ಕ್ಲಬ್ಬಿನ ಫಾರಂನಲ್ಲಿ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಅಂತ ಒಂದು ಸಾಲು ಇದೆಯಲ್ಲ. ಅಪ್ಪನ ನಂಬರ್ ಬರೆದಿದ್ದೀಯ. ಅವರು ಫೋನ್ ಎಲ್ಲೋ ಇಟ್ಟು ಎಲ್ಲೋ ಹುಡುಕುತ್ತಾರೆ. ಹೊಡೆದು ಹಾಕಿ ನನ್ನದು ಬರಿ.

ನಿನ್ನ
ಅಮ್ಮ