ಸಡಿಲ ತಂತಿಯ ಬಗ್ಗೆ ಸಿಂಧುಗೆ

ಸಕಲೇಶಪುರ

ಪ್ರೀತಿಯ ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆ ಸುದ್ದಿ, ಕಾಫಿ ಕೊಯ್ಲಿನ ಸುದ್ದಿ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನೇ ಮತ್ತೆ ಬರೆಯುವುದಿಲ್ಲ. ನಿನ್ನ ಹಾಯಿದೋಣಿ ರೇಸಿನ ಬಗ್ಗೆ ಕಾಗದದ ಕೊನೆಯಲ್ಲಿ ನೀನು ಸೇರಿಸಿದ ಮಾತು ನನ್ನ ನಿದ್ದೆ ಕೆಡಿಸಿದೆ. ‘ಟ್ರಪೀಜ್‌ನಲ್ಲಿ ಸೊಂಟಕ್ಕೆ ತಂತಿ ಸಿಕ್ಕಿಸ್ಕೊಂಡು ದೋಣಿಯ ಹೊರಗೆ ನೇತಾಡುವಾಗ ಆಚೆ ಬದಿಯ ಶ್ರೌಡ್, ಅದೇ ಮಾಸ್ಟ್ ಹಿಡಿದಿರೋ ತಂತಿ, ಜೋಲಾಡೋದು ಕಾಣುತ್ತೆ ದೊಡ್ಡಪ್ಪ. ಹಾಯಿ ಕಟ್ಟಿದ ಆ ಮಾಸ್ಟ್ ಕಂಬ ಈಗ ಬೀಳುತ್ತೆ ಅಂತಲೇ ಅನಿಸುತ್ತೆ. ಮುಂದಿನ ರೇಸಿಗೆ ಬೇರೆ ಯಾರನ್ನಾದರೂ ಕರ್ಕೊಂಡು ಹೋಗು ಅಂತ ಚುಕ್ಕಾಣಿ ಹಿಡಿಯೋ ಹುಡುಗನಿಗೆ ಹೇಳಿಬಿಡಲಾ?’ ಇದನ್ನು ಬೇರೆ ಯಾರಿಗೂ ಹೇಳಿಲ್ಲ ಅಂತಲೂ ಬರೆದಿದ್ದೀಯ. ನನಗೆ ಹೇಳಿದೆಯಲ್ಲ, ಒಳ್ಳೆಯದಾಯಿತು.

ಮಗಳೇ, ಆ ತಂತಿ ಜೋಲಾಡಲೇಬೇಕು. ನಿಮ್ಮ ಹೋಬಿ 16 ಎರಡು ಒಡಲಿನ ಕ್ಯಾಟಮರಾನ್ ದೋಣಿ. ಅದರ ಮಾಸ್ಟನ್ನು ನಿಲ್ಲಿಸಿರುವುದು ಮೂರೇ ಕಡೆಯ ತಂತಿ. ಮುಂದೊಂದು, ಅಕ್ಕಪಕ್ಕ ತುಸು ಹಿಂದಕ್ಕೆ ಎರಡು. ಗಾಳಿ ಬರುವ ಕಡೆಯ ಶ್ರೌಡ್ ಭಾರವನ್ನೆಲ್ಲ ಹೊರುತ್ತದೆ, ಮಾಸ್ಟ್ ಒಂದಿಷ್ಟು ಆಚೆ ವಾಲುತ್ತದೆ. ಆಗ ಆಚೆ ಬದಿಯದಕ್ಕೆ ಕೆಲಸವೇ ಇರುವುದಿಲ್ಲ. ನಮ್ಮ ಮದುವೆ ಚಪ್ಪರದ ಕಂಬಕ್ಕೆ ಕಟ್ಟಿದ ಹಗ್ಗ ನೋಡಿದ್ದೀಯಲ್ಲ, ಗಾಳಿ ಬೀಸಿದಾಗ ಒಂದು ಕಡೆಯದು ಬಿಗಿಯುತ್ತದೆ, ಇನ್ನೊಂದು ಸಡಿಲವಾಗುತ್ತದೆ, ಕಂಬ ನಿಂತೇ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಈ ಮಾಸ್ಟ್ ತನ್ನ ಬುಡದ ಮೇಲೆ ತಿರುಗುತ್ತದೆ. ಹಾಯಿ ಯಾವ ಕಡೆಗಿದೆಯೋ ಅದಕ್ಕೆ ಸರಿಯಾಗಿ ತಿರುಗಿದರೆ ಗಾಳಿ ಮಾಸ್ಟಿನ ಮೇಲಿಂದ ಹಾಯಿಗೆ ನುಣುಪಾಗಿ ಹರಿಯುತ್ತದೆ. ಎಲ್ಲ ತಂತಿಯನ್ನೂ ಎಳೆದು ಬಿಗಿದುಬಿಟ್ಟರೆ ಅದು ತಿರುಗಲು ಒದ್ದಾಡುತ್ತದೆ. ಅದಕ್ಕೇ ರೇಸು ಮಾಡುವವರು ಬೇಕೆಂದೇ ಅಷ್ಟು ಸಡಿಲ ಬಿಡುತ್ತಾರೆ. ಜಿಬ್ ಹ್ಯಾಲಿಯಾರ್ಡ್, ಅಂದರೆ ಮುಂದಿನ ಸಣ್ಣ ಹಾಯಿ ಏರಿಸುವ ಹಗ್ಗ, ಎಳೆದ ಮೇಲೆ ಮುಂದಿನ ತಂತಿ ಫೋರ್‌ಸ್ಟೇ ಕೂಡ ಸಡಿಲವಾಗುವುದನ್ನು ನೀನು ನೋಡಿರಬಹುದು, ಅಥವಾ ಇನ್ನು ಮೇಲೆ ನೋಡಿ ಹೆದರಬಹುದು. ಅದೂ ಸರಿಯೇ. ಭಾರ ಜಿಬ್ಬಿನ ಮುಂದಿನ ಅಂಚಿನೊಳಗಿರುವ ತಂತಿಗೆ ಹೋಗಿರುತ್ತದೆ.

ಇಷ್ಟು ಬರೆದರೂ ನಿನ್ನ ಭಯ ಹೋಗುವುದಿಲ್ಲ ಅಂತ ನನಗೆ ಗೊತ್ತು. ಯಾಕೆಂದರೆ ಮಾಸ್ಟ್ ಬೀಳುವುದೇ ಇಲ್ಲ ಎಂದು ನಾನು ಹೇಳಲಾರೆ. ಬಿದ್ದದ್ದನ್ನು ನೋಡಿದ್ದೇನೆ.

ನೌಕಾಪಡೆಯಲ್ಲಿದ್ದಾಗ, ಬೊಂಬಾಯಿಯಲ್ಲಿ. ನಾವು ಆಗ ಜಾಸ್ತಿ ಓಡಿಸಿದ್ದು ಒಂದೇ ಒಡಲಿನ ಎಂಟರ್‌ಪ್ರೈಸ್ ದೋಣಿ. ಕ್ಯಾಟಮರಾನ್ ಕೈಗೆ ಸಿಕ್ಕಿದ್ದು ಆಮೇಲೆ, ಅದೂ ಸ್ವಲ್ಪ ಕಾಲ. ಅವತ್ತು ಗಾಳಿ ಹೆಚ್ಚು ಕಡಿಮೆ ಸತ್ತೇ ಹೋಗಿತ್ತು. ರೇಸು ಮುಗಿಸಿ ದಡಕ್ಕೆ ಬರುತ್ತಿದ್ದೆವು. ಪಕ್ಕದಲ್ಲಿ ಒಂದು ಲಾಂಚ್ ಹೋಯಿತು, ಅದರ ಅಲೆಗೆ ನಮ್ಮ ಜೊತೆಯ ದೋಣಿ ಎರಡು ಸಲ ಹೊಯ್ದಾಡಿತು, ಮಾಸ್ಟ್ ನಿಧಾನವಾಗಿ ಆಚೆ ಬದಿಯ ನೀರಿಗೆ ಒರಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ನೋಡಿದರೆ ತಂತಿಗಳು ಹೊಸದಾಗಿದ್ದವು, ಒಂದೂ ತುಂಡಾಗಿರಲಿಲ್ಲ. ಶ್ರೌಡಿನ ಬುಡದ ಪಿನ್ ಜಾರದಂತೆ ಹಾಕಿದ ಸಣ್ಣ ರಿಂಗ್ ಹಗ್ಗಕ್ಕೆ ಸಿಕ್ಕಿ ಬಿಚ್ಚಿಕೊಂಡಿತ್ತು. ಅಷ್ಟೇ. ಅದೇ ದೋಣಿ ಬೆಳಿಗ್ಗೆ ಜೋರು ಗಾಳಿಯಲ್ಲಿ ಓಡಿತ್ತು. ಆಗ ಬೀಳದ ಮಾಸ್ಟ್ ಸಂಜೆ ಬಿತ್ತು.

ನಿನ್ನ ಭಯವನ್ನು ಬಿಟ್ಟುಬಿಡು ಅಂತ ನಾನು ಹೇಳುತ್ತಿಲ್ಲ ಸಿಂಧು. ಅದನ್ನು ನೀರಿನ ಮೇಲಿಂದ ದಡಕ್ಕೆ ತೆಗೆದುಕೊಂಡು ಬಾ. ದೋಣಿ ಇಳಿಸುವ ಮೊದಲು ಒಂದೊಂದು ಪಿನ್ನನ್ನೂ ಕೈಯಲ್ಲಿ ಮುಟ್ಟಿ ನೋಡು. ರಿಂಗುಗಳ ಮೇಲೆ ಟೇಪು ಸುತ್ತು. ಎರಡು ಬದಿಯ ಶ್ರೌಡಿನ ಪಿನ್ನೂ ತಂತಿಯ ಉದ್ದ ಹೊಂದಿಸುವ ಅಡ್ಜಸ್ಟರ್‌ನ ಒಂದೇ ಸಂಖ್ಯೆಯ ತೂತಿನಲ್ಲಿವೆಯಾ ಎಣಿಸಿ ನೋಡು. ಮಾಸ್ಟ್ ಮಲಗಿಸಿದ್ದಾಗಲೇ, ಮೇಲೆ ಮೂರೂ ತಂತಿ ಬಂದು ಸೇರುವ ಆ ಒಂದು ಶಾಕಲ್ ಕೊಂಡಿ ನೋಡಿಬಿಡು. ನಿಲ್ಲಿಸಿದ ಮೇಲೆ ಅದು ಕಣ್ಣಿಗೆ ನಿಲುಕುವುದಿಲ್ಲ.

ನನಗೆ ಇದನ್ನು ಕಲಿಸಿದವರು ಕೇರಳದ ಒಬ್ಬ ಹಿರಿಯರು. ದೋಣಿಯ ಸುತ್ತ ಒಂದು ಸುತ್ತು ಬರುತ್ತಿದ್ದರು, ಕೈ ಪ್ರತಿಯೊಂದು ಗಂಟಿನ ಮೇಲೂ ಹೋಗುತ್ತಿತ್ತು, ಬಾಯಲ್ಲಿ ಮಾತಿಲ್ಲ. ಹತ್ತಿ ಬಟ್ಟೆಯನ್ನು ತಂತಿಯ ಉದ್ದಕ್ಕೂ ಸವರುತ್ತಿದ್ದರು. ಎಲ್ಲಾದರೂ ಒಂದೆಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮುರಿಯುವುದು ಹೆಚ್ಚಾಗಿ ತಂತಿಯ ತುದಿಯಲ್ಲಿ, ಪ್ರೆಸ್ ಮಾಡಿ ಕೂರಿಸಿದ ಜಾಗದಲ್ಲಿ. ಅಲ್ಲಿ ಉಪ್ಪು ನೀರು ಒಳಗೇ ಉಳಿದು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಆದರೂ ಬಿಡುವುದಿಲ್ಲ. ಸಿಹಿ ನೀರಿನಲ್ಲಿ ತೊಳೆಯಿರಿ. ತಂತಿ ನೋಡಲು ಚೆನ್ನಾಗಿದೆ ಅಂತ ವರ್ಷಗಟ್ಟಲೆ ಅದನ್ನೇ ಇಟ್ಟುಕೊಳ್ಳಬೇಡಿ. ಖರ್ಚಿನ ಮಾತು, ನನಗೆ ಗೊತ್ತು. ನಾನು ಕಳಿಸುತ್ತೇನೆ, ನಿಮ್ಮಪ್ಪನಿಗೆ ಹೇಳಬೇಕಾಗಿಲ್ಲ.

ಆ ಹಿರಿಯರಿಗೆ ಸಮುದ್ರದ ಭಯ ಇತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ. ಈಗ ಕೇಳಬೇಕು ಅನಿಸುತ್ತದೆ. ಎಲ್ಲಿದ್ದಾರೋ.

ಆ ದಿನಗಳು ತುಂಬ ನೆನಪಾಗುತ್ತವೆ. 1982ರ ಏಷ್ಯನ್ ಗೇಮ್ಸ್‌ನ ಹಾಯಿದೋಣಿ ಸ್ಪರ್ಧೆ ನಡೆದದ್ದು ಬೊಂಬಾಯಿಯಲ್ಲೇ. ಫೈರ್‌ಬಾಲ್ ದೋಣಿಯಲ್ಲಿ ಫಾರೂಖ್ ತಾರಾಪೋರ್, ಝರೀರ್ ಕರಂಜಿಯಾ ಚಿನ್ನ ಗೆದ್ದಾಗ ನಾವು ಹುಡುಗರೆಲ್ಲ ನಾವೇ ಗೆದ್ದಂತೆ ಕುಣಿದಿದ್ದೆವು. ಇನ್ನು ಮುಂದೆ ಬದುಕು ಇದೇ ಅಂದುಕೊಂಡಿದ್ದೆ. ಆಮೇಲೆ ನಿಮ್ಮಜ್ಜನಿಗೆ ಹುಷಾರು ತಪ್ಪಿತು, ತೋಟ ನೋಡಿಕೊಳ್ಳಲು ಬಂದೆ. ಬಂದದ್ದಕ್ಕೆ ಬೇಸರವಿಲ್ಲ. ಆದರೆ ಮಳೆಗಾಲದಲ್ಲಿ ಗೊರೂರು ಕಡೆ ಹೋದಾಗಲೆಲ್ಲ ಹೇಮಾವತಿ ಹಿನ್ನೀರಿನ ಮೇಲೆ ಗಾಳಿ ಓಡುವುದು ಕಾಣುತ್ತದೆ. ಶೆಟ್ಟಿಹಳ್ಳಿ ಚರ್ಚು ಅರ್ಧ ಮುಳುಗಿರುತ್ತದೆ, ಅಷ್ಟಗಲ ನೀರು, ಒಂದು ಹಾಯಿ ಇಲ್ಲ. ಇಲ್ಲೊಂದು ಸಣ್ಣ ದೋಣಿ ತಂದು ಇಡಬೇಕು ಅಂತ ಪ್ರತಿ ಮಳೆಗಾಲ ಅಂದುಕೊಳ್ಳುತ್ತಿದ್ದೆ. ಮೆಣಸು, ಕಾಫಿ, ಬ್ಯಾಂಕು, ಆಳುಗಳು, ಹೀಗೇ ಹೋಯಿತು. ಈಗ ಮಂಡಿ ಬಗ್ಗುವುದಿಲ್ಲ. ನೀನು ಗೋವಾದಲ್ಲಿ ಹೋಬಿ ಹತ್ತಿದೆ ಅಂದಾಗ ನನಗೆ ಎಷ್ಟು ಸಂತೋಷವಾಯಿತು ಅಂತ ನಿನಗೆ ಹೇಳಿಲ್ಲ ಅಲ್ವಾ. ಅದಕ್ಕೇ ‘ಬೇರೆಯವರನ್ನು ಕರ್ಕೊಂಡು ಹೋಗು’ ಅನ್ನುವ ಮಾತು ಇಷ್ಟು ಚುಚ್ಚಿತು. ಇದನ್ನು ನಿನ್ನ ಮೇಲೆ ಹೊರೆಯಾಗಿ ಹಾಕಬಾರದು. ನಿನಗೆ ಬೇಡ ಅನಿಸಿದರೆ ಬಿಡು, ನಾನೇನೂ ಅನ್ನುವುದಿಲ್ಲ. ಸುಮ್ನೆ ಒಂದು ಸಡಿಲ ತಂತಿಗಾಗಿ ಬಿಡಬೇಡ, ಅಷ್ಟೇ ನನ್ನ ಕೋರಿಕೆ.

ಮತ್ತೆ ಮಾಸ್ಟಿಗೇ ಬರುತ್ತೇನೆ. ಅದು ಹಿಂದಕ್ಕೆ ಅಷ್ಟೊಂದು ವಾಲಿರುವುದು ನೋಡಿಯೂ ನಿನಗೆ ಅಳುಕು ಇರಬಹುದು. ಮುಂದಿನ ಮೂತಿಗಳು ಅಲೆಯಲ್ಲಿ ಹೂತು ದೋಣಿ ಮುಗುಚಿ ಬೀಳುವುದನ್ನು ತಡೆಯಲು ಅದೂ ಒಂದು ಉಪಾಯ. ಗಾಳಿ ಹೆಚ್ಚಾದಾಗ ಹಾಯಿಯನ್ನು ಕೆಳಕ್ಕೆ ಬಿಗಿಯುವ ಡೌನ್‌ಹಾಲ್ ಜೋರಾಗಿ ಎಳೆದರೆ ಮಾಸ್ಟ್ ಬಾಗುತ್ತದೆ, ಹಾಯಿ ಚಪ್ಪಟೆಯಾಗುತ್ತದೆ, ಮೇಲ್ಭಾಗ ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಬಿಟ್ಟುಕೊಡುತ್ತದೆ. ಬಾಗುವುದನ್ನು ಕಂಡರೆ ಮುರಿಯುತ್ತದೆ ಅನಿಸುತ್ತದೆ. ನಿಜವಾಗಿ ಗಾಳಿಯ ಹೊರೆ ಕಡಿಮೆ ಮಾಡುತ್ತಿರುವುದೇ ಅದು.

ಇನ್ನೊಂದು ವಿಷಯ ನೀನು ತಪ್ಪು ತಿಳಿದಿದ್ದೀಯ ಅನಿಸುತ್ತದೆ. ನೀನು ನೇತಾಡುವ ಭಾರದಿಂದ ಮಾಸ್ಟ್ ಬೀಳುತ್ತದೆ ಅಂತ ಅಲ್ವಾ ನಿನ್ನ ಮನಸ್ಸಿನಲ್ಲಿರುವುದು? ಹಾಯಿ ಮಾಸ್ಟನ್ನು ಆಚೆ ಕಡೆ ಎಳೆಯುತ್ತಿರುತ್ತದೆ. ನಿನ್ನ ಟ್ರಪೀಜ್ ತಂತಿ ಅದನ್ನು ಗಾಳಿಯ ಕಡೆಗೆ, ಅಂದರೆ ಶ್ರೌಡ್ ಎಳೆಯುವ ಕಡೆಗೇ ಎಳೆಯುತ್ತದೆ. ನೀನು ಅಲ್ಲಿ ನಿಂತು ಮಾಸ್ಟನ್ನು ಹಿಡಿದುಕೊಂಡಿದ್ದೀಯ, ಬೀಳಿಸುತ್ತಿಲ್ಲ. ಈ ಮಾತನ್ನು ಎರಡು ಸಲ ಓದು.

ದಡದಲ್ಲಿ ಮಾಸ್ಟ್ ನಿಲ್ಲಿಸುವಾಗ, ದೋಣಿ ತಳ್ಳುವಾಗ, ತಲೆಯ ಮೇಲೆ ಕರೆಂಟಿನ ತಂತಿ ಇದೆಯಾ ನೋಡಿ. ಕೆಲವು ಮಾಸ್ಟುಗಳ ತುದಿಯಲ್ಲಿ ಕರೆಂಟು ಹರಿಯದ ಫೈಬರ್ ತುಂಡು ಹಾಕಿರುತ್ತಾರೆ, ಆದರೆ ಅದರ ಕೆಳಗೆಲ್ಲ ಅಲ್ಯೂಮಿನಿಯಮ್ಮೇ. ನನಗೆ ಹೆದರಿಕೆ ಅಂದರೆ ಅದೊಂದೇ.

ರೇಸ್ ಇಲ್ಲದ ಒಂದು ದಿನ, ಹದವಾದ ಗಾಳಿಯಲ್ಲಿ ಟ್ರಪೀಜ್ ಹತ್ತಿ ಆ ಸಡಿಲ ಶ್ರೌಡನ್ನೇ ನೋಡು. ಟ್ಯಾಕ್ ಮಾಡಿಸು. ದೋಣಿ ತಿರುಗಿ ಗಾಳಿ ಇನ್ನೊಂದು ಬದಿಯಿಂದ ಬಂದಾಗ ಜೋಲಾಡುತ್ತಿದ್ದದ್ದು ಬಿಗಿಯಾಗುತ್ತದೆ, ಬಿಗಿಯಾಗಿದ್ದದ್ದು ಜೋಲಾಡುತ್ತದೆ. ಮತ್ತೆ ಟ್ಯಾಕ್ ಮಾಡಿಸು. ನಿನಗೆ ಸಾಕು ಅನಿಸುವವರೆಗೆ ನೋಡು. ಚುಕ್ಕಾಣಿ ಹಿಡಿಯುವ ಆ ಹುಡುಗನಿಗೂ ನಿನ್ನ ಭಯ ಹೇಳು. ಅವನು ನಕ್ಕರೆ ನನಗೆ ಫೋನ್ ಮಾಡಿಸು. 2016ರ ರಿಯೊ ಒಲಿಂಪಿಕ್ಸ್‌ನಿಂದ ನಾಕ್ರಾ 17 ಕ್ಯಾಟಮರಾನ್‌ನಲ್ಲಿ ಗಂಡು ಹೆಣ್ಣು ಜೋಡಿಯಾಗಿಯೇ ಸ್ಪರ್ಧಿಸುತ್ತಾರೆ. ಒಬ್ಬರ ಭಯ ಇನ್ನೊಬ್ಬರಿಗೆ ಗೊತ್ತಿಲ್ಲದೆ ಆ ದೋಣಿ ಓಡಿಸಲು ಆಗುತ್ತದೆ ಅಂತ ನನಗೆ ಅನಿಸುವುದಿಲ್ಲ.

ಈ ವಾರ ಮೇಲಿನ ಶಾಕಲ್‌ದು ಒಂದು, ಎರಡು ಬದಿಯ ಅಡ್ಜಸ್ಟರ್‌ದು ಒಂದೊಂದು ಫೋಟೋ ವಾಟ್ಸಾಪಿನಲ್ಲಿ ಕಳಿಸು. ತಂತಿಯ ತುದಿಗಳದ್ದೂ ಹತ್ತಿರದಿಂದ ತೆಗೆ. ನೋಡಿ ಅವತ್ತೇ ಫೋನ್ ಮಾಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ